ಷೇರುದಾರರ ಸಭೆಯಲ್ಲಿ ನನ್ನ ಸರದಿ

ಎರಡು ವರ್ಷದ ಹಿಂದಿನ ಮಾತು. ಮಾವಿನ ಸುಗ್ಗಿ ಮುಗಿಯುತ್ತಾ ಬಂದು ಶ್ರೀನಿವಾಸಪುರದ ಮಂಡಿಗಳಲ್ಲಿ ಲಾರಿಗಳ ಸದ್ದು ಕಡಿಮೆಯಾಗಿದ್ದ ದಿನಗಳು. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಎನ್ನುವುದು ಬೋರ್ಡಿಗೆ ಮಾತ್ರ. ಪಹಣಿ ತೆಗೆಯುವುದು, ಪ್ಯಾನ್ ಕಾರ್ಡಿಗೆ ಅರ್ಜಿ ಹಾಕುವುದು, ಮಕ್ಕಳ ಸ್ಕಾಲರ್‌ಶಿಪ್ ಫಾರಂ ತುಂಬುವುದು, ಎಲ್ಲವೂ ನನ್ನದೇ. ಬೆಳಿಗ್ಗೆ ಷಟರ್ ಎತ್ತಿದರೆ ಸಂಜೆಯವರೆಗೂ ನನ್ನ ಬಾಯಿ ಮುಚ್ಚುವುದಿಲ್ಲ. "ಮಷೀನಿಗಾದ್ರೂ ರೆಸ್ಟ್ ಐತೆ, ನಿಮ್ಮ ಬಾಯಿಗಿಲ್ಲ" ಎಂದು ನನ್ನ ಹೆಂಡತಿ ಬೈಯುತ್ತಾಳೆ. ಅಂಥ ನಾನು ಆ ವರ್ಷ ಒಂದು ದಿನ, ಮಾತಾಡಲೇಬೇಕಾದ ಜಾಗದಲ್ಲಿ, ಹೇಳಬೇಕಾದ ಒಂದು ಮಾತನ್ನು ಹೇಳದೆ ಹೋದೆ.

ನಯಾಜ್ ನನ್ನ ಗೆಳೆಯ. ನನಗಿಂತ ಎರಡು ವರ್ಷ ದೊಡ್ಡವನಾದ್ದರಿಂದ ನಾನು ಅವನನ್ನು ಭಾಯ್ ಎನ್ನುತ್ತಿದ್ದೆ, ಅವನು ನನ್ನನ್ನು ಮಂಜ ಎನ್ನುತ್ತಿದ್ದ. ಮಂಡಿಗಳಿಗೆ ಹಣ್ಣಿನ ಪೆಟ್ಟಿಗೆ ಹೊಡೆದುಕೊಡುವುದು ಅವನ ಕಸುಬು. ಸುಗ್ಗಿಯಲ್ಲಿ ಬಾಯ್ತುಂಬ ಮೊಳೆ ಕಚ್ಚಿಕೊಂಡು, ಯಾರು ಮಾತಾಡಿಸಿದರೂ ಕಣ್ಣಲ್ಲೇ ಉತ್ತರ ಕೊಡುತ್ತಿದ್ದ. ಸುಗ್ಗಿ ಮುಗಿದರೆ ಅವನ ಬಿಡಾರ ನನ್ನ ಅಂಗಡಿಯ ಸ್ಟೂಲಿನ ಮೇಲೆ.

ಇಬ್ಬರೂ ಒಂದೇ ಕಂಪನಿಯಲ್ಲಿ ಆರೋಗ್ಯ ವಿಮೆ ಮಾಡಿಸಿದ್ದೆವು. ಯಾವ ಕಂಪನಿ ಎಂದು ಹೇಳುವುದಿಲ್ಲ, ಹೇಳಿ ಈಗ ಆಗಬೇಕಾದ್ದೂ ಏನಿಲ್ಲ. ಒಂದು ದಿನ ನಾನು ಕಂಪ್ಯೂಟರಿನಲ್ಲಿ ಷೇರಿನ ರೇಟು ನೋಡುತ್ತಿದ್ದಾಗ ನಯಾಜ್ ಹಿಂದಿನಿಂದ ಬಗ್ಗಿ, "ನಮ್ಮ ವಿಮೆ ಕಂಪನಿದೂ ಷೇರು ಇರ್ತಾವಾ?" ಎಂದ. ಇರುತ್ತವೆ ಎಂದೆ.

"ನೋಡು ಮಂಜ, ವರ್ಷ ವರ್ಷ ಪ್ರೀಮಿಯಂ ಕಟ್ತೀವಿ, ಒಂದು ಕಾಸು ವಾಪಸ್ ಬಂದಿಲ್ಲ. ಕೊಡೋರ ಕಡೆ ಇದ್ದಿದ್ದು ಸಾಕು. ಸ್ವಲ್ಪ ತಗೊಳ್ಳೋರ ಕಡೇನೂ ಇರೋಣ ಕಣೋ" ಎಂದ.

ಮಾತು ಸರಿ ಅನ್ನಿಸಿತು. ಷೇರು ಕೊಳ್ಳಲು ಅವನಿಗೆ ಡಿಮ್ಯಾಟ್ ಖಾತೆ ಮಾಡಿಕೊಟ್ಟೆ, ಇಬ್ಬರೂ ಆ ಕಂಪನಿಯ ಒಂದಿಷ್ಟು ಷೇರು ಕೊಂಡೆವು. ಆದರೆ ಅವನು ಕಣ್ಣುಮುಚ್ಚಿ ಕೊಳ್ಳುವವನಲ್ಲ. ಕಂಪನಿಯ ಫಲಿತಾಂಶ ಬಂದಾಗಲೆಲ್ಲ ನನ್ನಿಂದ ಪ್ರಿಂಟ್ ತೆಗೆಸುತ್ತಿದ್ದ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದುತ್ತಿದ್ದೆವು. ಅವನದು ಯಾವಾಗಲೂ ಒಂದೇ ಪ್ರಶ್ನೆ: "ಕ್ಲೇಮಿಗೆ ಎಷ್ಟು ಹೋಯ್ತು ನೋಡು ಮೊದ್ಲು. ಲೋಡಲ್ಲಿ ಕೊಳೆತಿದ್ದು ಎಷ್ಟು ಅಂತ ಗೊತ್ತಾದ್ಮೇಲೆ ತಾನೆ ಲಾಭದ ಮಾತು?" ಒಂದು ಸಲ ಆ ಅಂಕಿ ಚೆನ್ನಾಗಿ ಇಳಿದಿತ್ತು. ಬಂದ ಕ್ಲೇಮುಗಳನ್ನು ಬಿಗಿಯಾಗಿ ಪರಿಶೀಲಿಸಿದ್ದೇವೆ, ಹಾಗಾಗಿ ಲಾಭ ಹೆಚ್ಚಿದೆ ಎಂದು ಕಂಪನಿಯೇ ಬರೆದುಕೊಂಡಿತ್ತು. "ಕೈ ಬಿಗಿ ಮಾಡವ್ರೆ ಬಿಡು, ನಮ್ಮ ಪಾಲಿನ ಡಿವಿಡೆಂಡ್ ಏರಿಸಲೇಬೇಕು" ಎಂದು ನಯಾಜ್ ತೊಡೆ ತಟ್ಟಿದ. ನಾನು ಎದುರು ಹೋಟೆಲಿನಿಂದ ಬಿಸಿ ವಡೆ ತರಿಸಿದೆ. ಹಾಗೆ ಕ್ಲೇಮು ತಿರಸ್ಕಾರವಾದಾಗ ಯಾರೋ ಒಬ್ಬರು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಿರುತ್ತಾರೆ ಎಂಬುದು ನಮಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ವಡೆ ಮಾತ್ರ ಚೆನ್ನಾಗಿತ್ತು ಎಂದು ನೆನಪಿದೆ, ಅದಕ್ಕೂ ನನಗೆ ನಾಚಿಕೆಯಾಗುತ್ತದೆ.

ಮೂರು ವರ್ಷದ ಹಿಂದೆ ಕಂಪನಿಯ ಷೇರುದಾರರ ವಾರ್ಷಿಕ ಸಭೆಯನ್ನೂ ಕಂಪ್ಯೂಟರಿನಲ್ಲೇ ನೋಡಿದೆವು. ಮೊದಲೇ ಹೆಸರು ಕೊಟ್ಟವರಿಗೆ ತಲಾ ಮೂರು ನಿಮಿಷ ಮಾತಾಡಲು ಅವಕಾಶ. ಒಬ್ಬೊಬ್ಬರೂ ಅಧ್ಯಕ್ಷರನ್ನು ಹೊಗಳಿ ಅಟ್ಟಕ್ಕೇರಿಸಿ, ಕೊನೆಗೆ ಡಿವಿಡೆಂಡ್ ಜಾಸ್ತಿ ಮಾಡಿ ಎನ್ನುತ್ತಿದ್ದರು. ನಯಾಜ್ ಬಿದ್ದುಬಿದ್ದು ನಕ್ಕ.

ಮುಂದಿನ ಸುಗ್ಗಿಯ ಕೊನೆಗೆ, ಒಂದು ಶುಕ್ರವಾರ ಮಧ್ಯಾಹ್ನ, ಮಂಡಿಯಲ್ಲಿ ಪೆಟ್ಟಿಗೆ ಹೊಡೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ನಾನೂ ಅವನ ಹೆಂಡತಿ ಫರೀದಾ ಅಕ್ಕನೂ ಅವನನ್ನು ಕಾರಿನಲ್ಲಿ ಕೋಲಾರದ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೃದಯದ ರಕ್ತನಾಳ ಕಟ್ಟಿದೆ, ಇಂಜೆಕ್ಷನ್ ಕೊಟ್ಟಿದ್ದೇವೆ, ಬೇಗ ಸ್ಟೆಂಟ್ ಹಾಕಬೇಕು ಎಂದರು ಡಾಕ್ಟರು. ನಾನು ವಿಮೆ ಕಾರ್ಡನ್ನು ಕೌಂಟರಿನ ಹುಡುಗಿಗೆ ಕೊಟ್ಟು, "ನಾವು ಈ ಕಂಪನಿ ಷೇರುದಾರರಮ್ಮ" ಎಂದೆ. ಆ ಹೊತ್ತಿನಲ್ಲೂ ಜಂಬ. ಆಕೆ ತಲೆ ಎತ್ತದೆ, "ಕೂತ್ಕೊಳ್ಳಿ ಸಾರ್, ಅಪ್ರೂವಲ್ ಬರ್ಬೇಕು" ಎಂದಳು.

ಸಂಜೆ ಉತ್ತರ ಬಂತು. ತಿರಸ್ಕಾರ. ವಿಮೆ ಮಾಡಿಸುವ ಮೊದಲೇ ಅವನು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ಆಸ್ಪತ್ರೆಗೆ ಕೊಟ್ಟ ಹಳೆಯ ಡಾಕ್ಟರ್ ಚೀಟಿಯಲ್ಲಿ ಇದೆ, ಅರ್ಜಿಯಲ್ಲಿ ಮಾತ್ರ ಕಾಯಿಲೆ ಇಲ್ಲ ಎಂದು ಬರೆಯಲಾಗಿದೆ, ಎಂಬುದು ಕಾರಣ.

ಆ ಅರ್ಜಿ ತುಂಬಿದವನು ನಾನು. ನನ್ನ ಅಂಗಡಿಯಲ್ಲೇ. ಸಕ್ಕರೆ ಕಾಯಿಲೆ ಇದೆಯೇ ಎಂಬ ಸಾಲು ಬಂದಾಗ ಅವನು, "ಸ್ವಲ್ಪ ಐತಪ್ಪ, ಒಂದು ಮಾತ್ರೆ ನುಂಗ್ತೀನಿ" ಎಂದಿದ್ದ. "ಅದೆಲ್ಲ ಬರೆದ್ರೆ ಪ್ರೀಮಿಯಂ ಏರಿಸ್ತಾರೆ, ಸುಮ್ನಿರು ಭಾಯ್" ಎಂದು ನಾನೇ 'ಇಲ್ಲ' ಎಂಬುದನ್ನು ಒತ್ತಿದ್ದೆ. ದಿನಕ್ಕೆ ಹತ್ತು ಫಾರಂ ತುಂಬುವವನಲ್ಲವೇ, ಎಲ್ಲ ನನಗೇ ಗೊತ್ತು ಎಂಬ ಪೊಗರು.

ಆಸ್ಪತ್ರೆಯವರು ಮುಂಗಡ ಕಟ್ಟಿ ಎಂದರು. ಮಂಡಿಯವರು ಕೈಲಾದಷ್ಟು ಕೊಟ್ಟರು, ಸಾಲಲಿಲ್ಲ. ಇಬ್ಬರ ಷೇರುಗಳನ್ನೂ ಮಾರಿಬಿಡೋಣ ಎಂದು ಫೋನ್ ತೆಗೆದೆ. ಶುಕ್ರವಾರ ಸಂಜೆ, ಷೇರುಪೇಟೆ ಮುಚ್ಚಿತ್ತು. ಇನ್ನು ಸೋಮವಾರವೇ. ಶನಿವಾರ ಬೆಳಿಗ್ಗೆ ಅವನನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿಯ ಡಾಕ್ಟರುಗಳು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು, ಸುಳ್ಳು ಹೇಳಬಾರದು. ಆದರೆ ತಡವಾಗಿತ್ತು. ಭಾನುವಾರ ಹನ್ನೊಂದು ಗಂಟೆಗೆ ನಯಾಜ್ ತೀರಿಕೊಂಡ. ಶುಕ್ರವಾರವೇ ಸ್ಟೆಂಟ್ ಹಾಕಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಯಾರಿಗೆ ಗೊತ್ತು. ನನಗೆ ಮಾತ್ರ ಉಳಿಯುತ್ತಿದ್ದ ಅಂತಲೇ ಅನ್ನಿಸುತ್ತದೆ.

ತಿಂಗಳಾದ ಮೇಲೆ ಫರೀದಾ ಅಕ್ಕ ಮರಣ ಪ್ರಮಾಣಪತ್ರದ ಜೆರಾಕ್ಸ್ ಮಾಡಿಸಲು ಬಂದರು. ಅದೇ ದಿನ ನನಗೆ ಕಂಪನಿಯ ವಾರ್ಷಿಕ ಸಭೆಯ ನೋಟಿಸ್ ಬಂದಿತ್ತು. ಡಿವಿಡೆಂಡ್ ಏರಿಸಿದ್ದರು. ಬಾಯಿ ತಡೆಯದೆ ಅವರಿಗೆ ಹೇಳಿಬಿಟ್ಟೆ.

"ಆ ಸಭೇಲಿ ನೀವು ಮಾತಾಡಬಹುದಾ ಮಂಜಣ್ಣ?" ಎಂದು ಕೇಳಿದರು.

"ಷೇರು ಇರೋರು ಯಾರಾದ್ರೂ ಮಾತಾಡಬಹುದು ಅಕ್ಕ."

"ಹಂಗಾದ್ರೆ ಇವ್ರ ಹೆಸರು ಹೇಳಿ ಅಲ್ಲಿ. ಇಂಥವ್ರು ಇದ್ರು, ಇಷ್ಟು ವರ್ಷ ದುಡ್ಡು ಕಟ್ಟಿದ್ರು, ಸಾಯೋ ಹೊತ್ತಲ್ಲಿ ಕೈಬಿಟ್ರಿ ಅಂತ ಕೇಳಿ. ನಂಗೆ ದುಡ್ಡು ಬ್ಯಾಡ. ಆ ದೊಡ್ಡೋರ ಕಿವಿಗೆ ಇವ್ರ ಹೆಸರು ಬೀಳ್ಲಿ, ಅಷ್ಟೇ."

ಆಗಲಿ ಎಂದು ಹೆಸರು ನೋಂದಾಯಿಸಿದೆ. ಎರಡು ರಾತ್ರಿ ನಿದ್ದೆಗೆಟ್ಟು ಒಂದು ಹಾಳೆ ಬರೆದೆ. ಕನ್ನಡದಲ್ಲಿ ಬರೆದು, ನನಗೆ ಬರುವ ಹರಕು ಮುರುಕು ಹಿಂದಿಗೆ ತಿರುಗಿಸಿದೆ. ಮೊದಲ ಸಾಲಿನಲ್ಲೇ ನಯಾಜ್ ಹೆಸರಿತ್ತು.

ಸಭೆಯ ದಿನ ಷಟರ್ ಅರ್ಧ ಇಳಿಸಿದೆ. ಫರೀದಾ ಅಕ್ಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಎರಡು ಗಂಟೆ ಕಾದೆವು. ಅದೇ ಹೊಗಳಿಕೆ, ಅದೇ ಅಭಿನಂದನೆ. ಕೊನೆಗೆ ಯಾರೋ ನನ್ನ ಹೆಸರು ಕೂಗಿದರು. ಪರದೆಯಲ್ಲಿ ದೊಡ್ಡದಾಗಿ ನನ್ನದೇ ಮುಖ ಕಂಡಿತು. ಮೂಲೆಯ ಚಿಕ್ಕ ಚೌಕದಲ್ಲಿ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಮುಗುಳ್ನಕ್ಕರು.

ಹಾಳೆ ಕೈಯಲ್ಲಿತ್ತು. ನಯಾಜ್ ಎನ್ನಬೇಕು, ಅಷ್ಟೇ. ಆದರೆ ಆ ಹೆಸರು ಹೇಳಿದ ಕೂಡಲೇ ಯಾರಾದರೂ ಅವನ ಫೈಲು ತೆಗೆಸಿದರೆ, ಈ ಅರ್ಜಿ ತುಂಬಿದವರು ಯಾರು ಎಂದು ಇಷ್ಟು ಜನರ ಮುಂದೆ, ಪಕ್ಕದಲ್ಲಿ ಕೂತ ಫರೀದಾ ಅಕ್ಕನ ಮುಂದೆ, ಕೇಳಿದರೆ? ಎರಡು ಗಂಟೆಯಿಂದ ಕೇಳಿದ್ದ ಮಾತುಗಳೇ ನನ್ನ ಬಾಯಿಂದ ಬಂದವು. ಅಧ್ಯಕ್ಷರಿಗೆ ನಮಸ್ಕಾರ, ನಿಮ್ಮ ಮುಂದಾಳತ್ವದಲ್ಲಿ ಕಂಪನಿ ಚೆನ್ನಾಗಿ ನಡೆಯುತ್ತಿದೆ, ನಮ್ಮಂಥ ಸಣ್ಣ ಷೇರುದಾರರನ್ನು ಮರೆಯಬೇಡಿ, ಡಿವಿಡೆಂಡ್ ಇನ್ನೂ ಸ್ವಲ್ಪ ಏರಿಸಿದರೆ ಉಪಕಾರ. ಕೊನೆಗೆ ಶುಕ್ರಿಯಾ ಅಂತಲೂ ಅಂದೆ. ಒಂದು ನಿಮಿಷವೂ ಆಗಿರಲಿಲ್ಲ. ಮುಂದಿನವರ ಹೆಸರು ಕೂಗಿದರು.

ಫರೀದಾ ಅಕ್ಕನ ಮನೆಮಾತು ದಖನಿ ಉರ್ದು. ನಾನು ಹಿಂದಿಯಲ್ಲಿ ಆಡಿದ್ದು ಅವರಿಗೆ ಒಂದೊಂದು ಅಕ್ಷರವೂ ಅರ್ಥವಾಗಿತ್ತು. ಸೆರಗು ಸರಿಮಾಡಿಕೊಂಡು ಎದ್ದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಅಕ್ಕ, ಆ ಫಾರಂ ತುಂಬಿದ್ದು ನಾನು. ಸಕ್ಕರೆ ಕಾಯಿಲೆ ಇಲ್ಲ ಅಂತ ಹಾಕಿದ್ದು ನಾನೇ. ಭಾಯ್ ನಿಜ ಹೇಳಿದ್ದ" ಎಂದು ಅಳುತ್ತಾ ಹೇಳಿದೆ.

"ಗೊತ್ತು ಮಂಜಣ್ಣ" ಎಂದರು. "ಕೋಲಾರದ ಆಸ್ಪತ್ರೇಲೇ ಹೇಳಿದ್ರು ಇವ್ರು. ಮಂಜನ ಹತ್ರ ಈ ಮಾತು ಎತ್ತಬ್ಯಾಡ, ಅವ್ನು ಕೊರಗ್ತಾನೆ ಅಂದ್ರು. ಅದಕ್ಕೇ ನಾನು ಇಷ್ಟು ದಿನ ಎತ್ತಲಿಲ್ಲ." ಷಟರ್ ಕೆಳಗೆ ಬಗ್ಗುತ್ತಾ ಅಂದರು, "ಹೆಸರು ಒಂದು ಹೇಳ್ಬೇಕಿತ್ತು ನೀವು."

ಆಮೇಲೂ ಅವರು ನನ್ನನ್ನು ಮಾತಾಡಿಸುತ್ತಾರೆ. ರಂಜಾನಿಗೆ ಖೀರು ಕಳಿಸುತ್ತಾರೆ. ನನಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಈಗ ಯಾರ ವಿಮೆ ಫಾರಂ ತುಂಬಿದರೂ ಒಂದೊಂದು ಕಾಯಿಲೆಯನ್ನೂ ಎರಡೆರಡು ಸಲ ಕೇಳುತ್ತೇನೆ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಪ್ರೀಮಿಯಂ ಏರುತ್ತದೆ ಎಂದು ಗೊಣಗಿ ಎದ್ದುಹೋದವರೂ ಇದ್ದಾರೆ, ಹೋಗಲಿ. ಷೇರುಗಳನ್ನು ಮಾರಿಲ್ಲ. ಮಾರಿದರೆ ಆ ಸಭೆಯಲ್ಲಿ ಬಾಯಿ ತೆರೆಯುವ ಹಕ್ಕೂ ಹೋಗುತ್ತದೆ. ಹೋದ ವರ್ಷ ಮತ್ತೆ ಹೆಸರು ಕೊಟ್ಟೆ. ಸಮಯ ಮುಗಿಯಿತು ಎಂದು ನನ್ನನ್ನು ಕರೆಯಲೇ ಇಲ್ಲ. ಈ ವರ್ಷವೂ ಕೊಡುತ್ತೇನೆ.

ಅಲ್ಲಿಯವರೆಗೆ ಇಲ್ಲಿ ನಾಲ್ಕು ಜನ ಓದಲಿ. ಅವನ ಹೆಸರು ನಯಾಜ್. ಶ್ರೀನಿವಾಸಪುರದ ಮಂಡಿಯಲ್ಲಿ ಹಣ್ಣಿನ ಪೆಟ್ಟಿಗೆ ಹೊಡೆಯುತ್ತಿದ್ದ. ಅವನ ಫಾರಂ ತುಂಬಿದವನು ನಾನು.