ಅಬಾದಾನಿನಿಂದ ಬಂದ ಮುಖ್ತಿಯಾರ್ ಪತ್ರ

1937ರಲ್ಲಿ ನಾನು ಸಿರಾದಲ್ಲಿ ಸಬ್ ರಿಜಿಸ್ಟ್ರಾರ್ ಆಗಿದ್ದೆ. ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು, ವಯಸ್ಸು ಮೂವತ್ತೊಂದು. ಕ್ರಯಪತ್ರ, ಅಡಮಾನ, ಗುತ್ತಿಗೆ, ಇವೇ ದಿನದ ಕೆಲಸ. ನಿಯಮದ ಪುಸ್ತಕ ಬಾಯಿಪಾಠವಾಗಿದೆ ಎಂಬ ಜಂಬ ನನಗಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಮದಲೂರಿನ ಕೆಂಚಮ್ಮ ಎಂಬ ಹೆಂಗಸು ಕಚೇರಿಗೆ ಬಂದಳು. ಅವಳ ಗಂಡ ರಂಗಣ್ಣ ಬೆಂಗಳೂರಿನಲ್ಲಿ ಫಿಟ್ಟರ್ ಕೆಲಸ ಕಲಿತು, ಬೊಂಬಾಯಿಯಲ್ಲಿ ಹಡಗು ಹತ್ತಿ ಪರ್ಷಿಯಾ ದೇಶದ ಅಬಾದಾನಿಗೆ ಹೋಗಿದ್ದ. ಅಲ್ಲಿ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಮದಲೂರು ಕೆರೆಯ ಕೆಳಗೆ ಅವನ ಪಾಲಿಗೆ ಬಂದ ಎರಡು ಎಕರೆ ಗದ್ದೆಯಿತ್ತು. ಅದನ್ನು ಅವನ ಅಣ್ಣ ಮೂಡ್ಲಗಿರಿಯಪ್ಪ ಉಳುತ್ತಿದ್ದ. ತಮ್ಮ ಅಲ್ಲೆಲ್ಲೋ ಬೆಂಕಿಗೆ ಸಿಕ್ಕಿ ಸತ್ತ, ಮಕ್ಕಳಿಲ್ಲ, ಆದ್ದರಿಂದ ಜಮೀನು ತನ್ನದು ಎಂದು ಊರಿಗೆಲ್ಲ ಸಾರಿದ್ದ. ಕೆಂಚಮ್ಮನನ್ನು ಎರಡು ಸಲ ಹೊಡೆದು ಮನೆಯಿಂದ ಆಚೆ ಹಾಕಿದ್ದ. ಅವತ್ತೂ ಅವಳ ತುಟಿ ಊದಿಕೊಂಡಿತ್ತು.

"ನಮ್ಮೆಜಮಾನ್ರು ಬದುಕವ್ರೆ ಸ್ವಾಮಿ," ಎಂದು ಅವಳು ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದಳು. "ಗದ್ದೆನ ಬ್ಯಾರೆಯವ್ರಿಗೆ ಗುತ್ಗೆ ಕೊಡೋಕೆ ನಂಗೆ ಅಧಿಕಾರ ಬರ್ದು ಕಳ್ಸವ್ರೆ."

ಅದು ಮುಖ್ತಿಯಾರ್ ಪತ್ರ. ಒಬ್ಬರ ಪರವಾಗಿ ಇನ್ನೊಬ್ಬರು ರುಜು ಮಾಡಲು ಕೊಡುವ ಅಧಿಕಾರದ ಕಾಗದ. ರಂಗಣ್ಣನ ರುಜು ಇತ್ತು, ಕಾರ್ಖಾನೆಯ ದೊರೆಯ ರುಜು ಇತ್ತು, ಕಾರ್ಖಾನೆಯ ಮೊಹರೂ ಇತ್ತು. ಆದರೆ ಹಿಂದೂಸ್ಥಾನದ ಆಚೆ ಬರೆದ ಇಂಥ ಪತ್ರವನ್ನು ಅಲ್ಲಿನ ಕೋರ್ಟು, ನೋಟರಿ ಅಥವಾ ಬ್ರಿಟಿಷ್ ಕಾನ್ಸಲ್ ಮುಂದೆ ರುಜು ಮಾಡಿರಬೇಕು. ರುಜು ಮಾಡಿದವನು ಇವನೇ ಎಂದು ಅವರು ಬರೆದು ಮೊಹರು ಹಾಕಿರಬೇಕು.

ನಾನು ಕಾಗದವನ್ನು ಮೇಜಿನ ಆಚೆಗೆ ತಳ್ಳಿ, "ಇದು ನಡೆಯೋದಿಲ್ಲಮ್ಮ. ಕಾನ್ಸಲ್ ಮುಂದೆ ಮಾಡಿಸಿ ತರಿಸು," ಎಂದೆ.

"ಅದ್ಯಾರು ಸ್ವಾಮಿ?"

"ಅಲ್ಲಿರೋ ಇಂಗ್ಲಿಷ್ ಸರ್ಕಾರದ ಅಧಿಕಾರಿ. ನಿನ್ನ ಗಂಡನಿಗೆ ಬರೆಸು, ಅವನಿಗೆ ತಿಳಿಯುತ್ತೆ."

ನಿರಾಕರಣೆಯ ಕಾರಣವನ್ನು ಕಚೇರಿಯ ಪುಸ್ತಕದಲ್ಲಿ ಬರೆದು, ಕೇಳಿದರೆ ಅವಳಿಗೊಂದು ನಕಲು ಕೊಡಬೇಕಿತ್ತು. ಹಾಗೆ ಕೇಳಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಹೊರಗೆ ಇನ್ನೂ ಹನ್ನೆರಡು ಮಂದಿ ಕಾಯುತ್ತಿದ್ದರು.

ಅವರ ನಡುವೆ ಮೂಡ್ಲಗಿರಿಯಪ್ಪನೂ ಇದ್ದ. ಅವಳ ಹಿಂದೆಯೇ ಊರಿನಿಂದ ಬಂದಿದ್ದ. "ಕೇಳ್ದೇನೇ? ಸರ್ಕಾರದೋರೇ ನಡ್ಯಕಿಲ್ಲ ಅಂದ್ರು. ಸತ್ತೋನು ಎಲ್ಲಿಂದ ಕಾಗ್ದ ಬರೀತಾನೆ?" ಎಂದು ಅವನು ಜಗಲಿಯಲ್ಲಿ ನಿಂತು ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಕುರ್ಚಿಯಿಂದ ಏಳಲಿಲ್ಲ.

ಕೆಂಚಮ್ಮ ಗಂಡನಿಗೆ ಕಾಗದ ಬರೆಸಿದಳು. ಆ ಸುದ್ದಿ ಮೂಡ್ಲಗಿರಿಯಪ್ಪನಿಗೂ ಮುಟ್ಟಿತು. ಓದು ಬಾರದ ಹೆಂಗಸು ರಿಜಿಸ್ಟರಿನಲ್ಲಿ ಎಡಗೈ ಹೆಬ್ಬೆಟ್ಟು ಒತ್ತಬೇಕು, ಅದಿಲ್ಲದಿದ್ದರೆ ಯಾವ ಪತ್ರವೂ ಆಗುವುದಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಒಂದು ಬೆಳಿಗ್ಗೆ ಅವಳು ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಮಚ್ಚು ಹಿಡಿದು ಬಂದ. ಜುಟ್ಟು ಹಿಡಿದು ಕೆಡವಿ, ಬೆನ್ನ ಮೇಲೆ ಮಂಡಿಯೂರಿ, ಅವಳ ಎಡಗೈಯನ್ನು ಒಗೆಯುವ ಕಲ್ಲಿನ ಮೇಲೆ ಒತ್ತಿ ಹಿಡಿದ. ಮೊದಲ ಏಟು ಮುಂಗೈಗೆ ಬಿತ್ತು. ಎರಡನೆಯದಕ್ಕೆ ಹೆಬ್ಬೆಟ್ಟು ಬುಡಸಮೇತ ಹೋಯಿತು. ಕೆರೆ ಏರಿಯ ಮೇಲೆ ಏಳೆಂಟು ಮಂದಿ ಇದ್ದರು. ಒಬ್ಬರೂ ಹತ್ತಿರ ಬರಲಿಲ್ಲ. ಅವಳ ಕಾಗದ ಸುಳ್ಳೆಂದು ಸರ್ಕಾರವೇ ಹೇಳಿದೆ ಎಂಬ ಮೂಡ್ಲಗಿರಿಯಪ್ಪನ ಮಾತನ್ನು ಊರು ನಂಬಿತ್ತು. ಅವಳೇ ಸೀರೆಯ ಅಂಚು ಹರಿದು ಕೈಗೆ ಸುತ್ತಿಕೊಂಡು ರಸ್ತೆಯವರೆಗೆ ನಡೆದು, ಸಿಕ್ಕಿದ ಗಾಡಿಯಲ್ಲಿ ಸಿರಾದ ಆಸ್ಪತ್ರೆಗೆ ಬಂದಳು.

ವಿಷಯ ತಿಳಿದು ನಾನು ಆಸ್ಪತ್ರೆಗೆ ಹೋದೆ. ಅವಳು ಕೇಳಿದ್ದು ಒಂದೇ ಮಾತು: "ಬೆಳ್ಳು ಹೋತು ಸ್ವಾಮಿ. ಇನ್ನು ಕಾಗ್ದ ಬಂದ್ರೂ ಉಪ್ಯೋಗಿಲ್ವಾ?"

"ಬಲಗೈ ಹೆಬ್ಬೆಟ್ಟು ಒತ್ತಬಹುದು. ಎಡದ್ದು ಇಲ್ಲ ಅಂತ ನಾನು ಪಕ್ಕದಲ್ಲಿ ಬರೀತೀನಿ," ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು.

ಮೂಡ್ಲಗಿರಿಯಪ್ಪನನ್ನು ಪೊಲೀಸರು ಹಿಡಿದರು. ಎರಡು ತಿಂಗಳಲ್ಲಿ ಜಾಮೀನಿನ ಮೇಲೆ ಹೊರಬಂದ. ಇನ್ನೂ ಮೂರು ತಿಂಗಳಿಗೆ ಅಬಾದಾನಿನಿಂದ ಹೊಸ ಪತ್ರ ಬಂತು. ಕಾನ್ಸಲ್ ಕಚೇರಿಯ ಉಬ್ಬುಮೊಹರು, ಅಧಿಕಾರಿಯ ರುಜು, ರಂಗಣ್ಣನ ಫೋಟೋ ಎಲ್ಲ ಸರಿಯಾಗಿದ್ದವು. ಕೆಂಚಮ್ಮ ಹುಲಿಕುಂಟೆಯ ಒಬ್ಬ ರೈತನನ್ನು ಗುತ್ತಿಗೆಗೆ ಒಪ್ಪಿಸಿ ಕರೆತಂದಳು.

ನಾನು ಪತ್ರ ಓದಿ ಮುಗಿಸುವ ಹೊತ್ತಿಗೆ ಮೂಡ್ಲಗಿರಿಯಪ್ಪ ಇಬ್ಬರನ್ನು ಕಟ್ಟಿಕೊಂಡು ಒಳಗೆ ನುಗ್ಗಿದ. ಬಾಗಿಲಲ್ಲಿದ್ದ ಜವಾನ ಇಮಾಮ್ ಸಾಬಿ ಅಡ್ಡ ನಿಂತ. "ಸಾಬ್ ಕೆಲ್ಸದಾಗವ್ರೆ, ನಿಲ್ರಿ," ಎನ್ನುವಷ್ಟರಲ್ಲಿ ದೊಣ್ಣೆಯ ಏಟಿಗೆ ಅವನ ತಲೆ ಒಡೆದು ಹೊಸ್ತಿಲ ಮೇಲೆ ಬಿದ್ದ. ಹುಲಿಕುಂಟೆಯ ರೈತ ಹಿಂಬಾಗಿಲಿನಿಂದ ಓಡಿದ. ನಾನು ಪತ್ರದ ಮೇಲೆ ಎರಡೂ ಕೈ ಊರಿದೆ. ಮುಂದಿನ ಏಟಿಗೆ ನನ್ನ ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಮುರಿದ ಸದ್ದು ನನಗೇ ಕೇಳಿಸಿತು. ಮೂಡ್ಲಗಿರಿಯಪ್ಪ ಪತ್ರಕ್ಕೆ ಕೈ ಹಾಕಿ ಬಗ್ಗಿದ.

ಕೆಂಚಮ್ಮ ಗುಮಾಸ್ತರ ಮೇಜಿನ ಮೇಲಿದ್ದ ರೂಲುದೊಣ್ಣೆ ಎತ್ತಿಕೊಂಡಳು. ಗೆರೆ ಎಳೆಯುವ ಗುಂಡನೆಯ ಕರಿಮರದ ಕೋಲು, ಮೊಳದುದ್ದ. ಅವನ ಮೂಗಿನ ಮೇಲೆ ಹೊಡೆದಳು. ಅವನು ಮುಖ ಹಿಡಿದುಕೊಂಡ. ಕಿವಿಯ ಮೇಲೆ ಹೊಡೆದಳು. ಅವನು ಬಿದ್ದ ಮೇಲೂ ನಿಲ್ಲಿಸಲಿಲ್ಲ. ಕೋಲು ಏಳುತ್ತಿತ್ತು, ಬೀಳುತ್ತಿತ್ತು. ಅವನ ಜೊತೆಯವರು ಹೆದರಿ ಹಿಂದೆ ಸರಿದರು. ನಾನು ಎಡಗೈಯಿಂದ ಅವಳ ತೋಳು ಹಿಡಿದು, "ಸಾಕು ತಾಯಿ, ಸತ್ತೋಗ್ತಾನೆ," ಎಂದೆ.

"ಸಾಯ್ಲಿ ಬುಡಿ," ಎಂದಳು. ಆಮೇಲೆ ಕೋಲನ್ನು ಮೇಜಿನ ಮೇಲಿಟ್ಟಳು.

ಪೊಲೀಸರು ಬಂದು ಮೂಡ್ಲಗಿರಿಯಪ್ಪನನ್ನೂ ಅವನ ಜೊತೆಯವರನ್ನೂ ಕರೆದೊಯ್ದರು. ಓಡಿಹೋಗಿದ್ದ ರೈತ ತಲೆ ತಗ್ಗಿಸಿಕೊಂಡು ವಾಪಸು ಬಂದ. ಕೆಂಚಮ್ಮ ಕೈ ತೊಳೆದುಕೊಂಡು ಬಂದು ಬಲ ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಎಡ ಹೆಬ್ಬೆಟ್ಟು ಇಲ್ಲವೆಂದು ಗುಮಾಸ್ತರಿಂದ ಷರಾ ಬರೆಸಿ, ನಾನು ಎಡಗೈಯಲ್ಲಿ ವಕ್ರವಕ್ರವಾಗಿ ರುಜು ಹಾಕಿದೆ.

ಮೂಡ್ಲಗಿರಿಯಪ್ಪನಿಗೆ ಏಳು ವರ್ಷ ಕಠಿಣ ಶಿಕ್ಷೆಯಾಯಿತು. ಇಮಾಮ್ ಸಾಬಿ ಬದುಕಿದ. ಒಂದು ಕಿವಿ ಮಾತ್ರ ಕೇಳಿಸದಾಯಿತು. ಮುಂದೆ ನಿವೃತ್ತಿಯಾಗುವವರೆಗೆ, ಮಧುಗಿರಿಯಲ್ಲಿ, ಪಾವಗಡದಲ್ಲಿ, ಎಲ್ಲಿದ್ದರೂ, ಯಾವ ಕಾಗದ ನಿರಾಕರಿಸಿದರೂ ಕಾರಣ ಬರೆದು, ಕೇಳದಿದ್ದರೂ ನಕಲು ಕೊಟ್ಟು ಕಳಿಸಿದೆ. ನಿಯಮ ತಿಳಿದಿದ್ದರೆ ಸಾಲದು, ಅದನ್ನು ಎದುರಿಗಿರುವವರ ಕೈಗೆ ಕೊಟ್ಟು ಕಳಿಸಬೇಕು ಎಂದು ಕಲಿತದ್ದು ಆ ಕಚೇರಿಯಲ್ಲಿ.

ಸಿರಾದಿಂದ ವರ್ಗವಾಗಿ ಹೊರಡುವಾಗ ಕೆಂಚಮ್ಮನಿಗೆ ಹೇಳಿಯೇ ಬಿಟ್ಟೆ: "ಕಾನ್ಸಲ್ ಮೊಹರು ಒಂದೇ ಇಲ್ಲ ಅಂತ ಅವತ್ತು ಎರಡು ಸಾಲು ಬರೆದು ಕೊಟ್ಟಿದ್ದರೆ ನಿನಗೆ ಹೀಗಾಗ್ತಿರಲಿಲ್ಲವೇನೋ."

ಅವಳು ತಲೆ ಅಲ್ಲಾಡಿಸಿದಳು. "ನೀವು ಬರ್ದು ಕೊಟ್ಟಿದ್ರೂ ಅವ್ನು ಮಚ್ಚು ತತ್ತಿದ್ದ ಸ್ವಾಮಿ. ಆದ್ರೆ ಕೆರೆ ಮ್ಯಾಲಿದ್ದೋರು ಅಂಗೆ ನೋಡ್ತಾ ನಿಲ್ತಿರ್ಲಿಲ್ಲ."