ಮುಂಡಗೋಡಕ್ಕೆ ಒಯ್ದ ಗಂಟು

ದಾಂಡೇಲಿಯಿಂದ ಹಳಿಯಾಳದ ಬಸ್ಸು ಹೊರಟಾಗ ಜಿಟಿಜಿಟಿ ಮಳೆ. ನನ್ನ ಟ್ರಂಕಿಗಿಂತ ದೊಡ್ಡ ಗಂಟೊಂದು ಕಾಲ ಬಳಿ ಇತ್ತು. ಅದಕ್ಕೆ ಕಂಡಕ್ಟರ್ ಎಂಟಾಣೆ ಲಗೇಜು ಹಾಕಿದ. ನಾನು ಮರುಮಾತಿಲ್ಲದೆ ಕೊಟ್ಟೆ. ಅದರಲ್ಲಿ ದಾಂಡೇಲಿಯ ಅಂಬೇವಾಡಿಯಲ್ಲಿ ನಾನು ನಡೆಸುವ ಹೊಲಿಗೆ ತರಗತಿಯ ಐದು ಜನ ಹೆಣ್ಣುಮಕ್ಕಳು ಹೊಲಿದ ಕೈಚೀಲಗಳಿದ್ದವು. ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ, ಕೌದಿಯಂತೆ ಒತ್ತೊತ್ತಾಗಿ ಹೊಲಿಗೆ ಹಾಕಿದ ಚೀಲಗಳು. ಕಾಗದ ಕಾರ್ಖಾನೆಯ ಕೆಲಸಗಾರರ ಹೆಂಡಂದಿರಾದ ಅವರಿಗೆ ಆ ಹೊಲಿಗೆ ಕಲಿಸಿದವಳು ನಾನು.

ಅವರಲ್ಲಿ ಹಿರಿಯಳಾದ ಶಾಂತಕ್ಕನ ಅಣ್ಣ ಬಸಪ್ಪನವರು ಮುಂಡಗೋಡದಲ್ಲಿ ಕಿರಾಣಿ ವ್ಯಾಪಾರಿ. ತಮ್ಮ ಓಣಿಯ ಹುಡುಗಿಯರಿಗೂ ಚೀಲ ಹೊಲಿಯುವುದನ್ನು ಕಲಿಸಲು ಅವರು ನನ್ನನ್ನು ಕರೆಸಿದ್ದರು. ಹೊರಡುವ ಮುನ್ನ ಶಾಂತಕ್ಕ ಹೇಳಿದ್ದಳು: "ಅಕ್ಕೋರ, ಅಲ್ಲಿ ಟಿಬೆಟಿನ ಮಂದಿ ಬಂದಾರಂತ. ಪಾಪ, ಎಲ್ಲಾ ಬಿಟ್ಟ ಬಂದಾರ. ಅವರಿಗೆ ನಮ್ಮ ಚೀಲ ಒಯ್ದ ಕೊಡ್ರಿ. ಬರೇ ಚೀಲ ಯಾಕ, ಒಳಗ ಉಡೂ ತೊಡೂ ಅರಿವಿನೂ ತುಂಬತೇವಿ." ಬಟ್ಟೆ ತುಂಬಿ ಚೀಲಗಳ ಬಾಯಿ ಹೊಲಿದೇ ತಂದುಕೊಟ್ಟರು. ಎಂಥ ದೊಡ್ಡ ಮನಸ್ಸು ಎಂದು ನಾನು ಹಿಗ್ಗಿದೆ.

ಹಳಿಯಾಳದಲ್ಲಿ ಚಹಾ ಕುಡಿದು ಕಲಘಟಗಿಯ ಬಸ್ಸು ಹಿಡಿದೆ. ಅಲ್ಲಿಂದ ಮತ್ತೊಂದು ಬಸ್ಸು. ಮುಂಡಗೋಡ ಮುಟ್ಟುವಾಗ ಸಂಜೆಯಾಗಿತ್ತು. ಬಸಪ್ಪನವರ ಮನೆಯಲ್ಲಿ ಬಿಸಿ ರೊಟ್ಟಿ, ಝುಣಕ ಉಂಡು ಮಲಗಿದೆ.

ಮರುದಿನ ಅವರು ಟಿಬೆಟನ್ ಕಾಲೊನಿಗೆ ಉಪ್ಪು, ಬೆಲ್ಲ ಒಯ್ಯುವ ಚಕ್ಕಡಿಯಲ್ಲಿ ನನ್ನನ್ನೂ ಕೂಡಿಸಿಕೊಂಡರು. ಕಾಡು ಕಡಿದ ನೆಲದಲ್ಲಿ ಗೋವಿನಜೋಳ ಮೊಳಕಾಲೆತ್ತರ ಬೆಳೆದಿತ್ತು. ಬಸಪ್ಪನವರು ಉಪ್ಪು, ಬೆಲ್ಲದ ಮೂಟೆ ಇಳಿಸುತ್ತಿರುವಾಗ ನಾನು ಗಂಟು ಹೊತ್ತು ಹತ್ತಿರದ ಮನೆಗೆ ಹೋದೆ. ಬಾಗಿಲಲ್ಲಿ ಬಟ್ಟೆಗೆ ಹೊಲಿಗೆ ಹಾಕುತ್ತ ಕುಳಿತಿದ್ದ ನಡುವಯಸ್ಸಿನ ಹೆಂಗಸು ಎದ್ದು ಚಾಪೆ ಹಾಸಿದಳು. ಹೆಸರು ಡೋಲ್ಮಾ. ಇಲ್ಲಿಗೆ ಬರುವ ಮೊದಲು ಉತ್ತರದ ಬೆಟ್ಟದ ಸೀಮೆಯಲ್ಲಿ ರಸ್ತೆ ಕೆಲಸ ಮಾಡುವಾಗ ಆಕೆ ಒಂದಿಷ್ಟು ಹಿಂದಿ ಕಲಿತಿದ್ದಳು. ನನಗೂ ಪರೀಕ್ಷೆಗೆ ಓದಿದಷ್ಟು ಹಿಂದಿ ಬರುತ್ತಿತ್ತು.

ಗಂಟು ಬಿಚ್ಚಿ, ಮೊದಲ ಚೀಲದ ಹೊಲಿಗೆ ಕಿತ್ತು ಆಕೆಯ ಮುಂದೆ ಸುರಿದೆ. ಕಾಲರು ಹರಿದ ಅಂಗಿ. ಬಗಲು ಪಿಸಿದ ಎರಡು ಕುಬಸ. ಹಿಂಬದಿ ತೂತಾದ ಚಡ್ಡಿ. ಎರಡನೆಯ ಚೀಲದಲ್ಲೂ ಅಂಥವೇ, ಒಗೆಯದವು, ಬೆವರು ನಾರುವಂಥವು. ನನ್ನ ಮುಖ ಸುಟ್ಟಂತಾಯಿತು. ಕೊಡುವಾಗ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಿಟ್ಟು, ಬಟ್ಟೆಗಳನ್ನು ಮತ್ತೆ ಚೀಲಕ್ಕೆ ತುರುಕತೊಡಗಿದೆ.

ಡೋಲ್ಮಾ ಅಂಗಿಯನ್ನೆತ್ತಿ ಕಾಲರು ತಿರುವಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಸಿಲಾಯಿ?" ಎಂದಳು. ಹೊಲಿಯಲು ತಂದಿದ್ದೀರಾ ಎಂದು ಕೇಳುತ್ತಿದ್ದಳು.

ಹೌದೆಂದು ತಲೆಯಾಡಿಸಿಬಿಟ್ಟೆ; ಉಳಿದ ಚೀಲಗಳನ್ನೂ ಅಲ್ಲೇ ಇಟ್ಟೆ.

"ಪರಸೋಂ," ಎಂದಳು. ನಾಡಿದ್ದು ಬನ್ನಿ ಎಂದು.

ಮರಳುವಾಗ ಬಸಪ್ಪನವರು ಕೇಳಿದರು: "ಇಸಗೊಂಡ್ರೇನ್ರಿ ಅಕ್ಕೋರ?" ಇಸಕೊಂಡರು ಎಂದೆ. ಮರುದಿನ ಹುಡುಗಿಯರಿಗೆ ಪಾಠ ಹೇಳುವಾಗ ಎರಡು ಸಲ ಬಟ್ಟೆ ತಪ್ಪಿ ಕತ್ತರಿಸಿದೆ.

ಡೋಲ್ಮಾ ಹೇಳಿದ ದಿನ ಒಬ್ಬಳೇ ಹೋದೆ. ಬಟ್ಟೆಗಳೆಲ್ಲ ಒಗೆದು, ತೇಪೆ ಹಾಕಿ, ಮಡಿಚಿ ಸಿದ್ಧವಾಗಿದ್ದವು. ಖಾಲಿ ಚೀಲಗಳು ಬೇರೆ ಇದ್ದವು. ಮಜೂರಿ ಕೊಡಲು ಹೋದರೆ ಡೋಲ್ಮಾ ನನ್ನ ಕೈ ಹಿಂದಕ್ಕೆ ಸರಿಸಿದಳು.

"ಬಹುತ್ ಗರೀಬ್ ಲೋಗ್," ಎಂದು ಬಟ್ಟೆಗಳತ್ತ ಕೈ ಮಾಡಿದಳು. "ಪೈಸಾ ನಹೀಂ."

ಇವನ್ನು ತೊಡುವವರು ತೀರ ಬಡವರು, ಅವರಿಂದ ಹಣ ಹೇಗೆ ತೆಗೆದುಕೊಳ್ಳಲಿ ಎಂಬುದು ಆಕೆಯ ಮಾತು. ನಿಜ ಹೇಳಿದರೆ ಇವು ನಿಮಗೇ ದಾನವೆಂದು ತಂದವು ಎನ್ನಬೇಕಿತ್ತು. ಅದರ ಬದಲು ಚೀಲಗಳನ್ನಾದರೂ ಇಟ್ಟುಕೊಳ್ಳಿ ಎಂದು ಒತ್ತಾಯಿಸಿದೆ. ಒಂದನ್ನು ಮಾತ್ರ ತೆಗೆದುಕೊಂಡು, ತಳದ ಮೂಲೆ ಹೀಗೆ ಚೌಕವಾಗಿ ನಿಲ್ಲುವುದು ಹೇಗೆಂದು ಕೇಳಿದಳು. ಮೂಲೆ ಮಡಿಚಿ ಅಡ್ಡ ಹೊಲಿಗೆ ಹಾಕುವುದನ್ನು ತೋರಿಸಿದೆ. ಆಕೆ ಒಂದೇ ಸಲಕ್ಕೆ ಹಾಕಿ, ಖುಷಿಯಿಂದ ನಕ್ಕು, ಉಪ್ಪು ಬೆಣ್ಣೆ ಹಾಕಿದ ಚಹಾ ಕೊಟ್ಟಳು. ತಲೆ ಎತ್ತದೆ ಕುಡಿದೆ.

ಅಂಬೇವಾಡಿಗೆ ಮರಳಿದ ಸಂಜೆ ಮೊದಲು ಶಾಂತಕ್ಕನ ಮನೆಗೆ ಹೋದೆ. ಗಂಡನ ಅಂಗಿ ಕಂಡು ಆಕೆಯ ಕಣ್ಣರಳಿತು.

"ಅಯ್ಯ, ಕಾಲರ ತಿರುವಿ ಹಚ್ಚ್ಯಾರ! ಹೊಸಾದ ಆಗೇತಿ. ಯಾರ ಹೊಲದ್ರು?"

"ಟಿಬೆಟಿನ ಹೆಣ್ಣುಮಗಳು."

"ಮಜೂರಿ?"

"ತಗೊಳ್ಳಿಲ್ಲ."

"ಯಾಕ್ರಿ?"

"ನೀವು ಭಾಳ ಬಡವರು ಅಂತ ತಿಳಕೊಂಡ್ಲು."

ಶಾಂತಕ್ಕನ ನಗು ನಿಂತಿತು. ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲೇ ಕುಳಿತಳು. "ನಾವು ಕೊಟ್ಟದ್ದು ಅಂತ ಅಕೀಗೆ ತಿಳೀಲೇ ಇಲ್ಲ ಹಂಗಾರ," ಎಂದಳು ಸಣ್ಣ ದನಿಯಲ್ಲಿ.

"ಇಲ್ಲ. ನನಗ ಹೇಳಾಕ ಬಾಯಿ ಬರಲಿಲ್ಲ."

ಒಳಗಿಂದ ಗಂಡ ಚಹಾ ಕೇಳಿದರು. ಶಾಂತಕ್ಕ ಏಳಲಿಲ್ಲ. ಬಟ್ಟೆ ಮರಳಿಸಬೇಕಾದ ಇನ್ನೂ ನಾಲ್ಕು ಮನೆಗಳಿದ್ದವು. ನಾನು ಗಂಟು ಎತ್ತಿಕೊಂಡೆ.