ಕರೆದರೂ ತಿರುಗದ ಮಗು

ಜಗಳೂರು ಕಡೆಯಿಂದ ಹೊನ್ನಾಳಿಗೆ ಸೊಸೆಯಾಗಿ ಬಂದ ದುರ್ಗಾಂಬಿಕಾ ನರ್ಸರಿ ಶಾಲೆಯ ಟೀಚರ್ ಆಗಿದ್ದಳು. ಆ ಶಾಲೆ ಮುಚ್ಚಿದ ಮೇಲೆ ಸಿಕ್ಕಿದ್ದು ಹೊಸ ಬಗೆಯ ಕೆಲಸ. ಎಳೆಮಕ್ಕಳು ತಾಯಿಯ ಮಾತಿಗೆ ಹೇಗೆ ಸ್ಪಂದಿಸುತ್ತಾರೆ ಎಂದು ತಿಳಿಯಲು ಒಂದು ಸಂಶೋಧನಾ ತಂಡ ಮನೆಮನೆಗಳಲ್ಲಿ ವಿಡಿಯೋ ತೆಗೆದಿತ್ತು. ಅವನ್ನು ಕಂಪ್ಯೂಟರಿನಲ್ಲಿ ನೋಡುತ್ತಾ ಗುರುತು ಹಾಕಬೇಕು. ತಾಯಿ ಕರೆದಾಗ ಒಂದು ಕೀ, ಮಗು ತಿರುಗಿದಾಗ ಇನ್ನೊಂದು. ಒತ್ತಿದ ಕೂಡಲೇ ವಿಡಿಯೋದ ಕೆಳಗೆ ಬಣ್ಣದ ಗೆರೆ ಮೂಡುತ್ತದೆ.

ತಂಡದ ಮೇಲ್ವಿಚಾರಕಿ ಅರುಣಾ ಮೇಡಂ ಮೊದಲ ದಿನವೇ ಹೇಳಿದ್ದರು. "ಕಂಡಿದ್ದಷ್ಟೇ ಗುರುತು ಹಾಕ್ರಿ. ಆ ಮನೆಯವರ ವಿಷಯ ಈ ರೂಮಿನಿಂದ ಹೊರಗೆ ಹೋಗಬಾರದು."

ದುರ್ಗಾಂಬಿಕಾಗೆ ಆ ಸಾಫ್ಟ್‌ವೇರ್ ಎಂದರೆ ಭಯ. ಎಲ್ಲೋ ಕೈ ತಾಗಿ ಎಲ್ಲ ಅಳಿಸಿಹೋದರೆ? ಉಸಿರು ಬಿಗಿಹಿಡಿದೇ ಕೀ ಒತ್ತುತ್ತಿದ್ದಳು. ಅಭ್ಯಾಸದ ವಿಡಿಯೋಗಳು ಹೇಗೋ ಮುಗಿದವು. ಆಮೇಲೆ ಬಂದದ್ದು ನ್ಯಾಮತಿಯ ಒಂದು ಮನೆಯದು.

ಅದರಲ್ಲಿ ತಾಯಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಿದ್ದಳು. ಮುಂದೆ ಚಾಪೆಯ ಮೇಲೆ ಒಂದು ಹೆಣ್ಣುಮಗು ಡಬ್ಬಿ ಉರುಳಿಸುತ್ತಿತ್ತು. "ಚಿನ್ನು, ಇಲ್ಲಿ ನೋಡೇ" ಎಂದು ತಾಯಿ ಕರೆಯುತ್ತಾಳೆ, ಮಗು ತಲೆ ಎತ್ತುವುದಿಲ್ಲ. ಮತ್ತೆ ಕರೆಯುತ್ತಾಳೆ, ಆಗಲೂ ಇಲ್ಲ. ಯಾರೂ ಕರೆಯದಿದ್ದಾಗ ಸುಮ್ಮನೆ ತಿರುಗಿ ನಗುತ್ತದೆ. ದುರ್ಗಾಂಬಿಕಾ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ನೋಡಿದಳು. ಮಗುವಿಗೆ ಕಿವಿ ಕೇಳುವುದಿಲ್ಲವೇನೋ.

ಮೇಡಂ ದಾವಣಗೆರೆಗೆ ಹೋಗಿದ್ದರು. ಬಂದ ಮೇಲೆ ಹೇಳೋಣ ಎಂದುಕೊಂಡಳು. ಅಷ್ಟರಲ್ಲಿ ಭಾನುವಾರ ನೆಂಟರ ಮನೆಗೆ ಹೋದಾಗ ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಅದೇ ಮಗು ಕಂಡಿತು, ತಾಯಿಯ ಸೊಂಟದ ಮೇಲೆ. ಕಾಲು ತಾನಾಗೇ ಅತ್ತ ನಡೆಯಿತು.

"ಅಕ್ಕಾರೆ, ನಿಮ್ ಪಾಪು ಕರೆದ್ರೆ ತಿರುಗ್ತೈತಾ?"

"ಯಾರ್ರೀ ನೀವು?"

"ವಿಡಿಯೋ ತೆಗೆದಿದ್ರಲ್ಲ, ಆ ಆಫೀಸಿನೋಳು. ಒಂದ್ಸಲ ಡಾಕ್ಟರಿಗೆ ಕಿವಿ ತೋರಿಸ್ರಿ."

ಆ ಹೆಂಗಸಿನ ಮುಖ ಬಿಳಿಚಿಕೊಂಡಿತು. ಬಸ್ಸು ಬಂತು. ದುರ್ಗಾಂಬಿಕಾ ಹತ್ತಿದಳು, ಆದರೆ ಆ ಮುಖ ಮನಸ್ಸಿನಿಂದ ಹೋಗಲಿಲ್ಲ.

ಮರುದಿನ ಮೇಡಂ ವಿಡಿಯೋ ನೋಡಿ ಕೇಳಿದರು. "ಶುರುವಿನಲ್ಲಿ ಚಪ್ಪಾಳೆ ಹೊಂದಿಸಿದ್ರಾ?"

ಚಿತ್ರ ಬೇರೆ, ಧ್ವನಿ ಬೇರೆ ರೆಕಾರ್ಡ್ ಆಗಿರುತ್ತದೆ. ಮೊದಲಲ್ಲಿ ತಟ್ಟಿದ ಚಪ್ಪಾಳೆಯ ಚಿತ್ರಕ್ಕೂ ಸದ್ದಿಗೂ ತಾಳೆ ಹಾಕಬೇಕು. ಅಭ್ಯಾಸದ ವಿಡಿಯೋಗಳಲ್ಲಿ ಅದು ಮೊದಲೇ ಆಗಿತ್ತು. ಈ ಸಲ ಅವಳೇ ಮಾಡಬೇಕಿತ್ತು, ಮರೆತಿದ್ದಳು. ಮೇಡಂ ಧ್ವನಿಯನ್ನು ಸ್ವಲ್ಪ ಹಿಂದಕ್ಕೆ ಎಳೆದರು. ಈಗ ತಾಯಿ ಕರೆದಳು, ಮಗು ತಿರುಗಿ ನಕ್ಕಿತು.

ದುರ್ಗಾಂಬಿಕಾ ಬಸ್ ಸ್ಟ್ಯಾಂಡಿನ ಮಾತನ್ನು ಹೇಳಿಬಿಟ್ಟಳು. ಮೇಡಂ ಕಂಪ್ಯೂಟರ್ ಆರಿಸಿ ಎದ್ದರು. "ಏಳ್ರಿ, ಅವರ ಮನೆಗೆ ಹೋಗಿ ಬರಾಣ" ಎಂದರು.

ಆ ತಾಯಿಯ ಹೆಸರು ಶಿವಲೀಲಾ. ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು. "ನಿನ್ನೆಯಿಂದ ಇದರ ಬೆನ್ನ ಹಿಂದೆ ನಿಂತು ತಟ್ಟೆ ಬಡೀತಾ ಇದೀನಿ. ತಿರುಗಿದ್ರೂ ಅನುಮಾನ, ತಿರುಗದಿದ್ರೂ ಅನುಮಾನ. ನಾನು ಅನ್ನ ಮುಟ್ಟಿಲ್ಲ."

"ತಪ್ಪು ನಂದು, ಅಕ್ಕಾರೆ" ಎಂದಳು ದುರ್ಗಾಂಬಿಕಾ. ಶಿವಲೀಲಾ ಅವಳ ಕಡೆ ನೋಡಲಿಲ್ಲ.

ತಾಯಿಯ ಸಮಾಧಾನಕ್ಕೆಂದು ಮೇಡಂ ಡಾಕ್ಟರರಲ್ಲಿ ಮಗುವಿನ ಕಿವಿ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಆದರೂ ಶಿವಲೀಲಾ, ಇನ್ನು ನಮ್ಮ ಮನೆಗೆ ಬರಬೇಡಿ, ವಿಡಿಯೋನೂ ಇಟ್ಟುಕೊಳ್ಳಬೇಡಿ ಎಂದಳು. ತಂಡದವರು ಅದನ್ನು ಅಳಿಸಿದರು.

ದುರ್ಗಾಂಬಿಕಾಳ ಕೆಲಸ ಹೋಗಲಿಲ್ಲ. ಈಗ ಅವಳಿಗೆ, ಆ ಮನೆಯವರು ದಾರಿಯಲ್ಲಿ ಎದುರಾಗದಿರಲೆಂದು, ಚನ್ನಗಿರಿ ಕಡೆಯ ಮನೆಗಳ ವಿಡಿಯೋ ಮಾತ್ರ ಕೊಡುತ್ತಾರೆ. ಕೀ ಒತ್ತುವಾಗಿನ ಭಯ ಹೋಗಿದೆ. ಆದರೆ ಯಾವುದಾದರೂ ಮಗು ತಿರುಗಲು ಸ್ವಲ್ಪ ತಡ ಮಾಡಿದರೂ ಸಾಕು, ಎದ್ದು ಹೋಗಿ ಮೇಡಂ ಅವರನ್ನು ಕರೆದು ತರುತ್ತಾಳೆ.